ಉಳಿದವರಲ್ಲಿ ಯಾರಾದರೂ

ಮುಂದೆ ನಿಂತವಳ ಬೆನ್ನಿಗೆ ಪಿನ್ ಮಾಡಿದ ಏಳನೇ ನಂಬರಿನ ಕಾಗದದ ಒಂದು ಮೂಲೆ ಬಿಟ್ಟುಕೊಂಡು ಗಾಳಿಗೆ ಪಟಪಟ ಬಡಿದುಕೊಳ್ಳುತ್ತಿದೆ, ಹೋಗಿ ಸರಿಮಾಡಿ ಬರೋಣ ಅನ್ನಿಸುತ್ತದೆ, ಹೋಗುವ ಹಾಗಿಲ್ಲ, ಅವಳು ಅಲ್ಲಿ, ನಾನಿಲ್ಲಿ, ನಡುವೆ ಹುಲ್ಲು — ಈ ಹುಲ್ಲಿನಲ್ಲಿ ಐದು ಮೀಟರ್ ನನ್ನದಾಗಿತ್ತು, ಹೋದ ವಾರದ ತನಕ ನನ್ನದೇ, ನನ್ನ ಗಂಡನೆಂಬ ಮಹಾನುಭಾವ ಅದನ್ನು ದಾನ ಮಾಡಿಬಿಟ್ಟ. ಸ್ಟಾರ್ಟರ್ ಕೈಯೆತ್ತಿ ಎಲ್ಲರನ್ನೂ ತಡೆದಿದ್ದಾನೆ, ಟ್ರ್ಯಾಕಿನ ಮೇಲೆ ಸೀಗಲ್ ಹಕ್ಕಿಗಳು ಕೂತಿವೆ, ಯಾರೋ ಟೋಪಿ ಬೀಸಿ ಓಡಿಸುತ್ತಿದ್ದಾರೆ, ಅವು ಎರಡು ಹೆಜ್ಜೆ ಹಾರಿ ಮತ್ತೆ ಕೂರುತ್ತಿವೆ, ಕೂರಲಿ, ನನಗೇನೂ ಆತುರವಿಲ್ಲ, ಮೂವತ್ತಾರು ವರ್ಷಕ್ಕೆ ಮೊದಲ ಫೈನಲ್ ಅಂದಮೇಲೆ ಇನ್ನು ಐದು ನಿಮಿಷ ಕಾದರೆ ಏನಾದೀತು. ಫೈನಲ್. ಇದೊಂದನ್ನು ಗೆಲ್ಲಬೇಕು ನಾನು, ಬೇರೇನೂ ಬೇಡ, ಈ ಮೊಣಕಾಲು ಮುಂದಿನ ಸೀಸನ್ನಿಗೆ ಒಪ್ಪುವುದಿಲ್ಲ ಲವ್, ಇದೇ ಕಡೆ ಅಂತ ನೋಯೆಲ್ ಹೇಳಿಬಿಟ್ಟಿದ್ದಾನೆ, ನೋಯೆಲ್ ನನ್ನ ಕೋಚ್, ಎಲ್ಲರನ್ನೂ ಲವ್ ಅಂತಲೇ ಕರೆಯುವ ಬಿಳಿ ಮೀಸೆಯ ಮುದುಕ, ಬಾಕ್ಸ್ ಹಿಲ್‌ನ ಮೈದಾನದಲ್ಲಿ ನಾನೊಬ್ಬಳೇ ಸುತ್ತು ಹಾಕುವುದನ್ನು ಬೇಲಿಗೆ ಒರಗಿ ನೋಡಿ, ಮಂಗಳವಾರ ಬಾ, ದುಡ್ಡು ಬೇಡ, ಬಾಳೆಹಣ್ಣು ತಗೊಂಡು ಬಾ ಸಾಕು ಅಂದಿದ್ದ. ಇಲ್ಲಿಯ ಓಟದ ರೀತಿಯನ್ನು ಕಲಿಸಿದ್ದೂ ಅವನೇ, ಎಲ್ಲರೂ ಒಂದೇ ಗೆರೆಯಿಂದ ಹೊರಡುವುದಿಲ್ಲ, ನಿಧಾನದವರು ಮುಂದೆ, ಚುರುಕಿನವರು ಹಿಂದೆ, ಕೊನೆಯ ಗೆರೆಗೆ ಎಲ್ಲರೂ ಒಟ್ಟಿಗೆ ಬರುವ ಹಾಗೆ ಹ್ಯಾಂಡಿಕ್ಯಾಪರ್ ಅಳೆದು ಕೊಡುತ್ತಾನೆ, ಅದಕ್ಕೇ ಬುಕ್ಕಿಗಳು ಬರುತ್ತಾರೆ, ಯಾರು ಗೆಲ್ಲುತ್ತಾರೋ ಗೊತ್ತಾಗದಿದ್ದರೆ ತಾನೇ ಬೆಟ್ಟಿಂಗಿಗೆ ರುಚಿ, ಅದಕ್ಕೇ ಇಲ್ಲಿ ಯಾರೂ ತಮ್ಮ ಟೈಮಿಂಗ್ ಬಾಯಿಬಿಡುವುದಿಲ್ಲ, ಹೆತ್ತ ತಾಯಿಗೂ ಹೇಳಬೇಡ ಅಂದಿದ್ದ ನೋಯೆಲ್. ತಾಯಿಗೆ ಹೇಳಲಿಲ್ಲ ನಾನು. ಗಂಡನಿಗೆ ಹೇಳಿದೆ.

ನಲವತ್ತು ಮೀಟರ್ ಮುಂದಿನಿಂದ ಬಿಡ್ತಾರಂತೆ ಕಣೋ ಹರ್ಷ, ಅಂತ ಕುಣಿದುಕೊಂಡು ಹೇಳಿದವಳು ನಾನೇ, ಅವನ ಮುಖ ಸಣ್ಣಗಾಯಿತು, ಚಪಾತಿ ಅಲ್ಲೇ ಬಿಟ್ಟ, ಯಾಕೆ, ನಿಂಗೇನು ಗ್ರೇಸ್ ಮಾರ್ಕ್ಸಾ? ನೀನೇನು ಫೇಲ್ ಆಗೋ ಕ್ಯಾಂಡಿಡೇಟಾ? ಕನ್ಸೆಷನ್ ತಗೊಂಡು ಗೆದ್ರೆ ಅದೊಂದು ಗೆಲುವಾ? — ಮೈಸೂರಿನಲ್ಲಿ ರ್‍ಯಾಂಕ್ ಬಂದ ಹುಡುಗ ಪಾಪ, ಅವನಿಗೆ ಅಷ್ಟೇ ತಿಳಿಯುವುದು, ಆಫೀಸಿನಲ್ಲಿ ಕೂತು ಹ್ಯಾಂಡಿಕ್ಯಾಪರಿಗೆ ಇಮೇಲ್ ಬರೆದ, ಡಿಯರ್ ಸರ್, ಮೈ ವೈಫ್ ಡಸ್ ನಾಟ್ ರಿಕ್ವೈರ್ ಎನಿ ಕನ್ಸೆಷನ್, ಜೊತೆಗೆ ನನ್ನ ಯೂನಿವರ್ಸಿಟಿ ಸರ್ಟಿಫಿಕೇಟುಗಳ ಸ್ಕ್ಯಾನ್, ಚಿತ್ರದುರ್ಗದ ಜಿಲ್ಲಾ ಮಟ್ಟದ ಮೆಡಲಿನ ಫೋಟೋ, ಮದುವೆಗೆ ಹೆಣ್ಣಿನ ಬಯೋಡೇಟಾ ಕಳಿಸಿದ ಹಾಗೆ. ಹ್ಯಾಂಡಿಕ್ಯಾಪರ್ ಬಹಳ ವಿನಯದಿಂದ ಉತ್ತರ ಬರೆದ, ಮಾಹಿತಿಗೆ ಧನ್ಯವಾದ, ನಿಮ್ಮ ಶ್ರೀಮತಿಯವರನ್ನು ಐದು ಮೀಟರ್ ಹಿಂದಕ್ಕೆ ಸರಿಸಲಾಗಿದೆ. ನೋಯೆಲ್ ಅದನ್ನು ಓದಿ ಬೆಂಚಿನ ಮೇಲೆ ಕೂತುಬಿಟ್ಟ, ಆಮೇಲೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕ, ಹೆಂಡತಿ ಓಡ್ತಾಳೆ ಅಂತ ಸತ್ಯ ಹೇಳಿದ ಗಂಡನ್ನ ನನ್ನ ಜನ್ಮದಲ್ಲಿ ನೋಡಿರಲಿಲ್ಲ ಲವ್. ಅವನು ನಕ್ಕ, ನಾನು ನಗಲಿಲ್ಲ, ಬುಧವಾರದಿಂದ ಹರ್ಷನ ಜೊತೆ ಮಾತು ಬಿಟ್ಟಿದ್ದೇನೆ, ಕಾಫಿ ಲೋಟವನ್ನು ಟೇಬಲ್ಲಿನ ಮೇಲೆ ಕುಕ್ಕುತ್ತೇನೆ, ಅವನು ಲೋಟದ ಜೊತೆ ಮಾತಾಡುವ ಹಾಗೆ ಥ್ಯಾಂಕ್ಸ್ ಅನ್ನುತ್ತಾನೆ.

ಏಳನೇ ನಂಬರಿನವಳು ಕಾಲು ಝಾಡಿಸುತ್ತಿದ್ದಾಳೆ, ಇಪ್ಪತ್ತು ಇರಬಹುದೇನೋ, ಆ ವಯಸ್ಸಿನಲ್ಲಿ ನಾನು ಶೂ ಕಟ್ಟಿಟ್ಟಿದ್ದೆ, ಯಾರೂ ಓಡಬೇಡ ಅನ್ನಲಿಲ್ಲ, ಓಡು ಅಂತಲೂ ಯಾರೂ ಅನ್ನಲಿಲ್ಲ, ಮದುವೆ, ಆಮೇಲೆ ಸಿಡ್ನಿ, ವೆಸ್ಟ್‌ಮೀಡ್‌ನ ಒಂದು ಬೆಡ್‌ರೂಮಿನ ಯೂನಿಟ್ಟು, ಒಂದು ಬೆಳಿಗ್ಗೆ ಹೊರಟುಹೋಗುತ್ತಿದ್ದ ರೈಲಿಗೆ ಚೂಡಿದಾರ್ ಎತ್ತಿಕೊಂಡು ಪ್ಲಾಟ್‌ಫಾರ್ಮಿನ ತುದಿಯಿಂದ ತುದಿಗೆ ಓಡಿದೆ, ಗಾರ್ಡ್ ಬಾಗಿಲು ಹಿಡಿದು ನಿಂತು, ಈ ಕಾಲಿದ್ದರೆ ನಿನಗೆ ರೈಲು ಯಾಕಮ್ಮ ಅಂದ, ಇಡೀ ಬೋಗಿ ನಕ್ಕಿತು, ನಾನು ನಾಚಿಕೊಂಡು ಕೂತೆ, ತೊಡೆ ಗಡಗಡ ನಡುಗುತ್ತಿತ್ತು, ಸುಖದಿಂದ ನಡುಗುತ್ತಿತ್ತು, ಆ ಗಾರ್ಡ್ ಎಲ್ಲಿದ್ದರೂ ಚೆನ್ನಾಗಿರಲಿ. ಇಲ್ಲೇ ಕಾಯಂ ಉಳಿಯುವ ಪಿಆರ್‌ಗೆ ಅರ್ಜಿ ಹಾಕುವಾಗ ನನ್ನ ಸರ್ಟಿಫಿಕೇಟ್ ಫೈಲು ಬಿಚ್ಚಿದವನು ಹರ್ಷ, ಡಿಗ್ರಿಯ ಕೆಳಗಿಂದ ಓಟದ ಕಾಗದಗಳು ಬಂದವು, ಒಂದೊಂದನ್ನೇ ಓದಿದ, ಏನೇ ಇದು, ನೀನು ಓಡ್ತಿದ್ಯಾ? ಒಂದ್ ಮಾತೂ ಹೇಳ್ಲಿಲ್ವಲ್ಲೇ! ಅಂದಿನಿಂದ ಶುರು, ಊಟಕ್ಕೆ ಬಂದವರ ಮುಂದೆಲ್ಲ ಇವಳು ಯೂನಿವರ್ಸಿಟಿ ರನ್ನರ್ ಗೊತ್ತಾ, ಮೆಲ್ಬರ್ನಿಗೆ ಬಂದಮೇಲೆ ಕಾಮನ್‌ವೆಲ್ತ್ ಗೇಮ್ಸಿಗೆ ಟಿಕೆಟ್ ತಂದು ಕೂರಿಸಿಕೊಂಡು, ಅಲ್ಲಿ ಓಡುತ್ತಿದ್ದವರನ್ನು ಬಿಟ್ಟು ನನ್ನನ್ನೇ ನೋಡುತ್ತಿದ್ದ, ಮರುದಿನ ಶೂ ಬಂತು, ಅದೂ ಆರು ಅಂಗಡಿಯ ರೇಟ್ ಕಂಪೇರ್ ಮಾಡಿ. ಕಂಪೇರ್ ಮಾಡದೆ ಅವನು ನೀರನ್ನೂ ಕುಡಿಯುವುದಿಲ್ಲ, ಇಂಡಿಯಾಗೆ ಮಾಡುವ ಫೋನ್ ಕಾರ್ಡು, ಪೆಟ್ರೋಲು, ಟಾರ್ನೀಟ್‌ನಲ್ಲಿ ಇನ್ನೂ ಕೊಳ್ಳದ ಮನೆಯ ಮಾರ್ಟ್‌ಗೇಜು, ಹಾಗಿದ್ದವನಿಗೆ ನಮ್ಮ ಓಟಕ್ಕೆ ಬುಕ್ಕಿಗಳು ಬರುತ್ತಾರೆ ಅಂತ ನೋಯೆಲ್ ಬಾಯಿತಪ್ಪಿ ಹೇಳಿದ, ಮುಗಿಯಿತು, ಸೆಟ್ಟರ ಅಂಗಡಿ ಹೊಕ್ಕವನ ಹಾಗೆ ಎಲ್ಲ ಬೆಟ್ಟಿಂಗ್ ಸೈಟುಗಳನ್ನೂ ತೆಗೆದು ಕೂತ, ಡಾರ್ವಿನ್ ಅನ್ನುವ ಊರಿನದೊಂದು, ಸಿಡ್ನಿಯ ಫೋನ್ ಬುಕ್ಕಿ, ಜನರೇ ಜನರ ವಿರುದ್ಧ ಹಣ ಕಟ್ಟುವ ಇಂಗ್ಲೆಂಡಿನದೊಂದು, ನಮ್ಮ ಬೀದಿಯ ಪಬ್ಬಿನೊಳಗಿನ ಕೌಂಟರು, ಎಲ್ಲದರಲ್ಲೂ ಮೊದಲು ಕುದುರೆ, ಆಮೇಲೆ ನಾಯಿ, ಎಲ್ಲಕ್ಕಿಂತ ಕೆಳಗೆ ಓಡುವ ಮನುಷ್ಯರು, ಮನುಷ್ಯರಲ್ಲೂ ಗಂಡಸರ ನೂರು ಮೀಟರು, ಹೆಂಗಸರ ನಾನೂರು ಇದ್ದದ್ದೇ ಎರಡು ಕಡೆ. ಅಲ್ಲಿಯೂ ನಾಲ್ಕು ಹೆಸರು, ಐದನೇ ಸಾಲಿನಲ್ಲಿ ‘ಉಳಿದವರಲ್ಲಿ ಯಾರಾದರೂ’, ಅಷ್ಟೇ, ನಾನು ಅದರೊಳಗೆ, ಅದನ್ನು ನೋಡಿ ನನಗೇನೂ ಅನ್ನಿಸಲಿಲ್ಲ, ವೀಸಾದಲ್ಲಿ ಡಿಪೆಂಡೆಂಟು, ಬ್ಯಾಂಕಿನಲ್ಲಿ ಎರಡನೇ ಹೆಸರು, ಕ್ಲಬ್ಬಿನಲ್ಲಿ ಅವರ ನಾಲಿಗೆಗೆ ಸುಲಭವಾಗಲೆಂದು ಸ್ಯಾಮ್, ಅಭ್ಯಾಸವಾಗಿಹೋಗಿತ್ತು. ಅವನಿಗೆ ಅನ್ನಿಸಿತ್ತು. ನನಗೆ ಗೊತ್ತಾಗಲಿಲ್ಲ, ಜೂಜಿನ ಹುಚ್ಚು ಹತ್ತಿತು ಅಂತ ಹೆದರಿದೆ, ಅತ್ತೆ ಪುಟ್ಟಮ್ಮ ಫೋನಿನಲ್ಲಿ, ಅಲ್ಲ ಕಣವ್ವ, ಹೆಂಡ್ತೀನೇ ಪಣಕ್ಕಿಟ್ಟು ಆಡೋಕೆ ಹೊರಟವ್ನಾ ನನ್ ಮಗ, ಅಂತ ಅತ್ತೇಬಿಟ್ಟರು.

ಈಗಷ್ಟೇ, ವಾರ್ಮ್‌ಅಪ್ಪಿನಲ್ಲಿ, ನೋಯೆಲ್ ನನ್ನ ಭುಜ ತಿರುಗಿಸಿ ಮೈದಾನದ ಆ ಬದಿ ತೋರಿಸಿದ, ನಿನ್ನ ಗಂಡನ ಸುದ್ದಿ ಗೊತ್ತಾ? ಅಷ್ಟೂ ಕಂಪನಿಗಳಿಗೆ ಫೋನ್ ಮಾಡಿದ್ದಾನೆ, ರೇಟು ಕೇಳೋಕಲ್ಲ, ಹೆಂಡತಿ ಹೆಸರು ಹಾಕಿ ಅಂತ ಕೇಳೋಕೆ, ಒಬ್ಬ ನಕ್ಕನಂತೆ, ಒಬ್ಬ ಹೋಲ್ಡ್‌ನಲ್ಲಿಟ್ಟು ಮ್ಯೂಸಿಕ್ ಕೇಳಿಸಿದನಂತೆ, ಇವತ್ತು ಬೆಳಿಗ್ಗೆಯಿಂದ ಆ ಮುದಿ ಬುಕ್ಕಿಯ ತಲೆ ತಿನ್ನುತ್ತಿದ್ದ, ಅವನು ಸೋತು, ಹತ್ತು ಡಾಲರ್ ಕಟ್ಟು ಮಾರಾಯ, ನಿನ್ನ ಹೆಂಡತಿಗೊಂದು ಸಾಲು ಕೊಡ್ತೀನಿ ಅಂದ. ನೋಡಿದೆ. ಬೇರೆ ಬುಕ್ಕಿಗಳದೆಲ್ಲ ಮಿನುಗುವ ಎಲೆಕ್ಟ್ರಾನಿಕ್ ಬೋರ್ಡು, ಆ ಮುದುಕನದು ಮಾತ್ರ ಸೀಮೆಸುಣ್ಣದ ಕರಿ ಹಲಗೆ, ಅದರ ಕೆಳಗೆ, ಒಂದು ಸಾಲಿಗೆ ಹಿಡಿಸದೆ ಎರಡು ಸಾಲಿಗೆ ಇಳಿದು, ಸಂಯುಕ್ತಾ ಗುರುಶಾಂತಪ್ಪ — ಪಾಸ್‌ಪೋರ್ಟಿನಲ್ಲಿರುವ ಗಂಡನ ಹೆಸರು ಅಲ್ಲ, ಸರ್ಟಿಫಿಕೇಟಿನಲ್ಲಿರುವುದು, ನನ್ನ ಅಪ್ಪನ ಹೆಸರಿನ ಜೊತೆಗಿನ ನಾನು, ಓಡುತ್ತಿದ್ದ ನಾನು, ಅದನ್ನು ಹರ್ಷ ಅಕ್ಷರ ಅಕ್ಷರ ಹೇಳಿ ಬರೆಸಿದ್ದಾನೆ, ಬರೆದದ್ದರ ಪಕ್ಕ ಕಾವಲುಗಾರನ ಹಾಗೆ ನಿಂತಿದ್ದಾನೆ, ನನ್ನ ಕಡೆ ಕೈ ಎತ್ತಲೋ ಬೇಡವೋ ಅಂತ ಅರ್ಧ ಎತ್ತಿದ್ದಾನೆ, ಪೆದ್ದ, ಪೂರ್ತಿ ಎತ್ತು. ನಾನು ಎತ್ತಿದೆ ಮೊದಲು.

ಹಕ್ಕಿಗಳು ಎದ್ದವು, ಕೈ ಗೆರೆಯ ಹಿಂದೆ, ಹುಲ್ಲು ತಣ್ಣಗಿದೆ, ಸನ್‌ಸ್ಕ್ರೀನ್ ವಾಸನೆ, ಸೆಟ್ — ಗುಂಡು, ಹೋದೆ, ಹಿಂದಿನಿಂದ ಹೆಜ್ಜೆಗಳು, ನೋಡಬೇಡ ಅಂದಿದ್ದಾನೆ ನೋಯೆಲ್, ಹಿಂದೆ ಬರುವವರನ್ನು ನೋಡುವುದು ನಿನ್ನ ಕೆಲಸ ಅಲ್ಲ, ಮುಂದೆ ಬರೀ ಬೆನ್ನುಗಳು, ಹಸಿರು ಬನಿಯನ್ನು, ದಾಟಿದೆ, ಕೆಂಪು ರಿಬ್ಬನ್ನು, ತಿರುವಿನಲ್ಲಿ ಹೊರಗಿನಿಂದ, ದಾಟಿದೆ, ಮೊಣಕಾಲು ಚುರ್ ಅನ್ನುತ್ತದೆ, ಅನ್ನಲಿ, ಚಿತ್ರದುರ್ಗದ ಮಣ್ಣಿನ ಟ್ರ್ಯಾಕು, ಬರಿಗಾಲು, ಅಪ್ಪ ಸೈಕಲ್ಲಿಗೆ ಒರಗಿ ನಿಂತು ಏನೂ ಕೂಗದೆ ನೋಡುತ್ತಿದ್ದರು, ಈಗ ಅವರ ಹೆಸರು ಎಲ್ಲಿದೆ ಗೊತ್ತೇನಪ್ಪ, ಮೆಲ್ಬರ್ನಿನ ಬುಕ್ಕಿಯ ಹಲಗೆಯ ಮೇಲೆ, ಬೈಯಬೇಡಿ, ನಿಮ್ಮ ಅಳಿಯ ಬರೆಸಿದ್ದು — ಎರಡನೇ ತಿರುವು, ಗಾಳಿ ಎದುರಿಗೆ, ಇನ್ನೊಂದೇ ಬೆನ್ನು, ಏಳು, ಏಳರ ಮೂಲೆ ಹಾರಾಡುತ್ತಿದೆ, ಹತ್ತಿರ, ಇನ್ನೂ ಹತ್ತಿರ, ಕೈ ಚಾಚಿದರೆ ಆ ಕಾಗದ ಹಿಡಿಯಬಹುದು, ಬಾ, ಬಾ, ಇನ್ನೊಂದು ಹೆಜ್ಜೆ ಕೊಡು ದೇವರೇ — ಗೆರೆ. ಅವಳ ಎದೆ ಮೊದಲು. ನನ್ನದು ಆಮೇಲೆ, ಒಂದು ತೋಳಿನಷ್ಟು ಆಮೇಲೆ.

ಹುಲ್ಲಿನ ಮೇಲೆ ಬಿದ್ದಿದ್ದೇನೆ, ಆಕಾಶ ಏರಿಳಿಯುತ್ತಿದೆ, ಎರಡನೆಯವಳು ನಾನು, ಐದು ಮೀಟರ್ ಇದ್ದಿದ್ದರೆ, ಹೌದು, ಗೆಲ್ಲುತ್ತಿದ್ದೆ, ನಡೆದುಕೊಂಡೇ ಗೆಲ್ಲುತ್ತಿದ್ದೆ, ಹೊಟ್ಟೆ ಉರಿಯುತ್ತದೆ, ಸುಳ್ಳು ಯಾಕೆ, ಉರಿಯುತ್ತಿದೆ, ಇನ್ನೊಂದು ಸಲ ಇಲ್ಲ, ನೋಯೆಲ್ ಬಗ್ಗಿ ಸ್ಟಾಪ್‌ವಾಚ್ ಕಣ್ಣಿಗೆ ಹಿಡಿಯುತ್ತಿದ್ದಾನೆ, ಹದಿನೆಂಟರಲ್ಲೂ ನೀನು ಹೀಗೆ ಓಡಿರಲಿಕ್ಕಿಲ್ಲ ಲವ್, ಇರಲಿಕ್ಕಿಲ್ಲ, ಓಡಿರಲಿಲ್ಲ, ಆಗ ನನ್ನ ಹಿಂದೆ ಯಾರೂ ಇಷ್ಟು ಹುಚ್ಚಾಗಿ ನಂಬಿ ನಿಂತಿರಲಿಲ್ಲ, ಗ್ರೇಸ್ ಮಾರ್ಕ್ಸ್ ಬೇಡ ಅಂತ ಬರೆಯುವಷ್ಟು ನಂಬಿ, ಸಿಟ್ಟು ಇದೆಯಾ ಅಂತ ಹುಡುಕಿ ನೋಡುತ್ತೇನೆ, ಇಲ್ಲ, ಉಸಿರು ಮಾತ್ರ ಇದೆ, ಇಷ್ಟನ್ನೆಲ್ಲ ನನಗೆ ಯಾರು ಕೊಟ್ಟರು, ಯಾರಿಗೆ ಎಷ್ಟು ಸಲ ಕೈ ಮುಗಿಯಲಿ, ಎಲ್ಲಿ ಇವನು, ಓಡಿ ಬರಬೇಕಿತ್ತಲ್ಲ, ಮೊಣಕೈ ಊರಿ ತಲೆ ಎತ್ತುತ್ತೇನೆ — ಆ ಬದಿಯಲ್ಲಿ ಬುಕ್ಕಿ ಮುಂದಿನ ಓಟಕ್ಕಾಗಿ ಹಲಗೆ ಒರೆಸುತ್ತಿದ್ದಾನೆ, ಮೇಲಿನಿಂದ ಒಂದೊಂದೇ ಹೆಸರು ಹೋಗುತ್ತಿದೆ, ಏಳನೆಯವಳದೂ ಹೋಯಿತು, ಹರ್ಷ ಹಲಗೆಗೆ ಬೆನ್ನು ಕೊಟ್ಟು ಎರಡೂ ಕೈ ಅಗಲಿಸಿ ನಿಂತಿದ್ದಾನೆ, ಇಲ್ಲಿಗೂ ಕೇಳುವ ಹಾಗೆ, ಒನ್ ಮಿನಿಟ್ ಮೇಟ್, ಪ್ಲೀಸ್, ಅವಳು ನೋಡ್ಲಿ, ಅವಳು ಇನ್ನೂ ಹತ್ತಿರದಿಂದ ನೋಡಿಲ್ಲ, ಮುದುಕನ ಕೈ ಗಾಳಿಯಲ್ಲಿ ನಿಂತಿದೆ, ಒದ್ದೆ ಬಟ್ಟೆಯಿಂದ ನೀರು ತೊಟ್ಟಿಕ್ಕುತ್ತಿದೆ, ಹರ್ಷನ ತೋಳಿನ ಕೆಳಗೆ ಬಿಳಿ ಸೀಮೆಸುಣ್ಣ, ಎರಡು ಸಾಲು, ಸಂಯುಕ್ತಾ, ಅದರ ಕೆಳಗೆ ಗುರುಶಾಂತಪ್ಪ, ಒದ್ದೆ ಬಟ್ಟೆ, ಅಗಲಿಸಿದ ಎರಡು ಕೈ, ಸಂಯುಕ್ತಾ —