ಬಾಗಿಲಲ್ಲಿ ನಿಂತ ಗಝಾಲಾ

ಸೋಂಕಿನಿಂದಾಗಿ ಒಂದು ವರ್ಷ ಬೀಗ ಬಿದ್ದಿದ್ದ ನಮ್ಮ ಪ್ರಾರ್ಥನಾ ಮಂದಿರ ಸಿನಗಾಗನ್ನು, ಧರ್ಮಗ್ರಂಥ ತೋರಾದ ಹಬ್ಬಕ್ಕೆ ತೆರೆಯುವುದೆಂದು ತೀರ್ಮಾನವಾದಾಗ, ಜೆರ್ಬಾ ದ್ವೀಪದ ನಮ್ಮ ಯಹೂದಿ ಕೇರಿಯಲ್ಲಿ ಸಂಭ್ರಮಕ್ಕಿಂತ ಮೊದಲು ಜಗಳ ಶುರುವಾಯಿತು. ಯಾರನ್ನು ಒಳಗೆ ಬಿಡಬೇಕು, ಯಾರನ್ನು ಬಿಡಬಾರದು ಎಂದು ನೋಡಿಕೊಳ್ಳುವ ಹೊಣೆಯನ್ನು ಧರ್ಮಗುರು ರಬ್ಬಿ ಬುಗೀದ್ ನನ್ನ ಪಕ್ಕದ ಮನೆಯ ಗಝಾಲಾಳಿಗೆ ಒಪ್ಪಿಸಿದ್ದರು. ಅವಳು ನರ್ಸ್. ಅಲ್ಲದೆ ವಿಧವೆ.

ಹಿಂದಿನ ವರ್ಷದ ಇದೇ ಹಬ್ಬದಲ್ಲಿ, ಬೇಡವೆಂದರೂ ಬಾಗಿಲು ತೆರೆಸಿದವನು ಖಮ್ಮೂಸ್. ಸಿನಗಾಗಿನ ಯಜಮಾನಿಕೆ ಅವನದು. ಕೆಮ್ಮುತ್ತಲೇ ಎಲ್ಲರನ್ನೂ ತಬ್ಬಿಕೊಂಡು ಕುಣಿದಿದ್ದ. ಆಮೇಲೆ ಹಾಸಿಗೆ ಹಿಡಿದವರಲ್ಲಿ ಅವನು ಎದ್ದು ಓಡಾಡಿದ; ಗಝಾಲಾಳ ಗಂಡ ಸಾಸಿ ಏಳಲೇ ಇಲ್ಲ. ಅಲ್ಲಿಯವರೆಗೆ 'ಖಮ್ಮೂಸಣ್ಣ' ಎನ್ನುತ್ತಿದ್ದವಳು ಆಮೇಲೆ ಅವನ ಹೆಸರನ್ನೇ ಎತ್ತಲಿಲ್ಲ.

ಈ ಸಲ ಕುಣಿತವೆಲ್ಲ ಬಯಲು ಅಂಗಳದಲ್ಲಿ. ಮುಖಕ್ಕೆ ಮಾಸ್ಕ್, ತೋರಾ ಸುರುಳಿಗೆ ಮುತ್ತಿಡುವಂತಿಲ್ಲ, ಹಬ್ಬಕ್ಕೆ ಮುಂಚೆ ಎಲ್ಲರಿಗೂ ಪರೀಕ್ಷೆ. ಖಮ್ಮೂಸ್ ಗೊಣಗುತ್ತಲೇ ಬಂದು ಮೂಗು ಒಡ್ಡಿದ. ಗಝಾಲಾ ಪರೀಕ್ಷೆಯ ಪಟ್ಟಿ ನೋಡಿ ಹೇಳಿದಳು:

"ನಿನಗೆ ಸೋಂಕಿದೆ. ಮನೇಲಿರು."

"ನನಗಾ? ಕಲ್ಲುಗುಂಡಿನ ಹಾಗಿದ್ದೀನಿ!"

"ಮತ್ತೊಂದ್ಸಲ ನೋಡ್ತೀನಿ, ಕೂತ್ಕೋ."

ಎರಡನೆಯ ಸಲವೂ ಅದೇ ಬಂತು.

"ಗಂಡನ ಸೇಡು ನನ್ನ ಮೇಲೆ ತೀರಿಸ್ಕೋತಿದ್ದಾಳೆ ನೋಡ್ರಪ್ಪಾ!" ಎಂದು ಅವನು ಬೀದಿಯಲ್ಲಿ ನಿಂತು ಕೂಗಿದ. ಅರ್ಧ ಕೇರಿ ಅವನ ಮಾತನ್ನು ನಂಬಿತು. ಆ ಸಂಜೆ ಗಝಾಲಾಳ ಬಾಗಿಲಿಗೆ ಯಾರೋ ಮೀನಿನ ಕರುಳು ಎಸೆದುಹೋದರು. ನಾವಿಬ್ಬರೂ ಸೇರಿ ತೊಳೆದೆವು.

ಹಬ್ಬದ ಬೆಳಿಗ್ಗೆ ಅಂಗಳ ತುಂಬಿ, ಹಾಡು ಶುರುವಾಗಿತ್ತು. ಅಷ್ಟರಲ್ಲಿ ಖಮ್ಮೂಸ್ ಹೊಸ ಕೆಂಪು ಟೋಪಿ ಹಾಕಿಕೊಂಡು, ಹೆಂಡತಿ ಹವೀತಾಳನ್ನು ಹಿಂದಿಟ್ಟುಕೊಂಡು ಬಂದ. ಗಝಾಲಾ ಬಾಗಿಲಿಗೆ ಅಡ್ಡ ನಿಂತಳು.

"ದಾರಿ ಬಿಡು. ನಮ್ಮಜ್ಜ ಕಟ್ಟಿಸಿದ ಸಿನಗಾಗ್ ಇದು."

"ನಿಮ್ಮಜ್ಜನೇ ಎದ್ದು ಬಂದ್ರೂ ಬಿಡಲ್ಲ."

"ಸಾಸಿ ಹೋಗಿದ್ದು ದೇವರ ಕೈಯಿಂದ ಕಣೇ! ನನ್ನಿಂದಲ್ಲ."

"ದೇವರು ಕೆಮ್ಮಿರಲಿಲ್ಲ. ನೀನು ಕೆಮ್ಮಿದ್ದೆ."

ಹಾಡು ನಿಂತಿತು. "ಸೊಕ್ಕು ನೋಡು ಇವಳದ್ದು!" ಎಂದು ಯಾರೋ ಅಂದರು. ಖಮ್ಮೂಸನ ತಮ್ಮಂದಿರು ಬಾಗಿಲ ಕಡೆ ನುಗ್ಗಿದರು. ರಬ್ಬಿ ನಡುವೆ ಬಂದರು. ಆದರೆ ಅವರಿಗೂ ದಿಕ್ಕು ತೋಚಲಿಲ್ಲ. "ಅಮ್ಮಾ ಗಝಾಲಾ, ದೂರದಲ್ಲಿ ಒಂದು ಮೂಲೇಲಿ ನಿಂತ್ಕೊಂಡ್ರೆ..." ಎಂದು ರಾಗ ಎಳೆದರು.

"ಹಾಗಾದ್ರೆ ಬಾಗಿಲು ನೀವೇ ಕಾಯಿರಿ ರಬ್ಬಿಗಳೇ. ನಾನು ಹೋಗ್ತೀನಿ."

ಆಗ ಹವೀತಾ ಬಾಯಿ ಬಿಟ್ಟಳು. ಗಂಡನೆದುರು ದನಿ ಎತ್ತಿದವಳಲ್ಲ ಅವಳು.

"ಮೊನ್ನೆ ಮೀನಿನ ಸಾರು ತಳ ಹಿಡಿದು ಮನೆಯೆಲ್ಲ ಕಮಟು. ಇವರು ಪಕ್ಕದಲ್ಲೇ ಕೂತಿದ್ರು, ವಾಸನೆ ಗೊತ್ತೇ ಆಗ್ಲಿಲ್ಲ. ಬಡಿಸಿದೆ. ಚೆನ್ನಾಗಿದೆ ಅಂತ ತಿಂದ್ರು."

"ಮುಚ್ಚೇ ಬಾಯಿ!"

"ಮುಚ್ಚಲ್ಲ. ಒಳಗೆ ನನ್ನ ತಾಯಿ ಇದ್ದಾಳೆ."

ನುಗ್ಗಿ ಬಂದಿದ್ದ ತಮ್ಮಂದಿರು ಒಬ್ಬೊಬ್ಬರಾಗಿ ಹಿಂದೆ ಸರಿದರು. ಎಲ್ಲರಿಗಿಂತ ಕಿರಿಯವನಂತೂ ಜಾರಿದ್ದ ಮಾಸ್ಕನ್ನು ಕಣ್ಣಿನವರೆಗೆ ಎಳೆದುಕೊಂಡ. ಖಮ್ಮೂಸ್ ಗಝಾಲಾಳ ಕಾಲ ಬಳಿ ನೆಲಕ್ಕೆ ಉಗಿದು ಹೊರಟ. ಮನೆಯಲ್ಲಿ ಅವನ ಜೊತೆಗಿದ್ದ ಹವೀತಾಳನ್ನೂ ಗಝಾಲಾ ಒಳಗೆ ಬಿಡಲಿಲ್ಲ. ಹವೀತಾ ಎದುರಿನ ಗೋಡೆಗೊರಗಿ ನಿಂತು, ಅಂಗಳದ ಹಾಡು ಕೇಳಿಸಿಕೊಂಡಳು. ಗಂಡಸರು ಸುರುಳಿಗಳನ್ನು ಎದೆಗಪ್ಪಿಕೊಂಡು ಕುಣಿದರು. ಹೆಂಗಸರ ಕಡೆಯಿಂದ ನಾವು ಪದ್ಧತಿಯಂತೆ ಅವರ ಮೇಲೆ ಬಾದಾಮಿ ಎರಚಿದೆವು. ಕುಣಿತ ಮುಗಿಯುವವರೆಗೂ ಗಝಾಲಾ ಬಾಗಿಲು ಬಿಟ್ಟು ಕದಲಲಿಲ್ಲ.

ಆ ಅಂಗಳದಿಂದ ಯಾರಿಗೂ ಕಾಯಿಲೆ ಹತ್ತಲಿಲ್ಲ. ಹಾಗೆಂದು ಅವಳಿಗೆ ಯಾರೂ ಒಂದು ಒಳ್ಳೆಯ ಮಾತು ಹೇಳಲೂ ಇಲ್ಲ.

ಹಬ್ಬ ಕಳೆದ ಮೇಲೆ ಖಮ್ಮೂಸ್ ಹಾಸಿಗೆ ಹಿಡಿದ. ಮೇಲುಸಿರು ಎಳೆಯತೊಡಗಿದ. ಹವೀತಾ ಓಡಿ ಬಂದಳು. ಗಝಾಲಾ ಚೀಲ ಎತ್ತಿಕೊಂಡಳು. ಆಕ್ಸಿಜನ್ ಸಿಲಿಂಡರನ್ನು ಅವಳೂ ನಾನೂ ಕೈಗಾಡಿಯಲ್ಲಿ ತಳ್ಳಿಕೊಂಡು ಹೋದೆವು. ಮುಖ, ಕೈ ಎಲ್ಲ ಮುಚ್ಚಿಕೊಂಡು ಅವಳು ಒಳಗೆ ಹೋದಳು. ನಾನು ಕಿಟಕಿಯಾಚೆ ನಿಂತೆ.

"ಯಾಕೆ ಬಂದೆ? ಸಾಯೋದನ್ನ ನೋಡೋಕಾ?" ಎಂದ ಅವನು.

"ಕೈ ಚಾಚು."

"ನಿನ್ನ ಕೈಯಿಂದ ಸೂಜಿ ಬೇಡ."

"ಈ ಕೇರೀಲಿ ಬೇರೆ ಕೈ ಇಲ್ಲ. ಚಾಚು."

ಅವನು ಗೋಡೆಯ ಕಡೆ ಮುಖ ತಿರುಗಿಸಿಕೊಂಡೇ ಕೈ ಚಾಚಿದ. ಅವನು ಎದ್ದು ಕೂರುವವರೆಗೂ ಅವಳು ದಿನಾ ಹೋಗಿ ಬಂದಳು. ಕೊನೆಯ ದಿನ ದಾರಿಯಲ್ಲಿ ನಾನು, "ಮನಸ್ಸು ಸ್ವಲ್ಪನಾದ್ರೂ ಹಗುರಾಯ್ತೇನೇ?" ಎಂದು ಕೇಳಿದೆ.

"ಇಲ್ಲ," ಅಂದಳು. "ಅವನು ಬದುಕಿದ. ಸಾಸಿ ಬದುಕಲಿಲ್ಲ."