ದರ್ಜಿಯ ಎರಡು ದಿನ

ಕಳೆದ ಎರಡು ವಾರದಲ್ಲಿ ಎಷ್ಟು ದಿನ ಯಾವುದೂ ಬೇಡ ಅನ್ನಿಸ್ತು, ಎಂದು ಕೇಳಿದ ಡಾಕ್ಟರಮ್ಮನ ಕೋಟಿನ ಎಡಭುಜ ಅರ್ಧ ಇಂಚು ಇಳಿದಿದೆಯಲ್ಲ, ಯಾವ ಪುಣ್ಯಾತ್ಮ ಹೊಲಿದನೋ, ಕಣ್ಣಿಗೆ ಕಂಡಿತೇ ಹೊರತು ಕೈಗೆ ಸರಿಮಾಡುವ ಆಸೆ ಹುಟ್ಟಲಿಲ್ಲ, ದರ್ಜಿ ಹೆಂಗಸು ಎರಡು ದಿನ ಅಂದಳು, ನಾಲಿಗೆಗೆ ಮೂವತ್ತು ವರ್ಷದ ರೂಢಿ, ಬಟ್ಟೆ ಯಾವಾಗ ಕೊಡ್ತೀಯಮ್ಮ ಎಂದು ಯಾರು ಕೇಳಿದರೂ ಎರಡು ದಿನ, ಮದುವೆಯ ಉಡುಪಿಗೂ ಎರಡು ದಿನ, ಒಂದು ಗುಂಡಿ ಹಚ್ಚುವುದಕ್ಕೂ ಎರಡು ದಿನ — ನಿದ್ದೆ ಕೆಟ್ಟದ್ದು, ಎರಡು, ಊಟ ಸೇರದ್ದು, ಅದೂ ಎರಡೇ — ಡಾಕ್ಟರಮ್ಮ ಕಾಗದದ ಮೇಲೆ ಗುರುತು ಹಾಕುತ್ತಿದ್ದಾರೆ, ಒಳ್ಳೆಯದೇ ಆಯಿತು, ಬೇಗ ಮುಗಿದರೆ ಮನೆಗೆ ಹೋಗಿ ಗೋಡೆಗೆ ಮುಖ ಮಾಡಿ ಬಿದ್ದುಕೊಳ್ಳಬಹುದು, ಗೋಡೆಯಾದರೂ ಏನೂ ಕೇಳುವುದಿಲ್ಲ, ಅಷ್ಟರಲ್ಲಿ ಪಕ್ಕದ ಕುರ್ಚಿಯಲ್ಲಿದ್ದ ಅಕ್ಕ ಕೆಮ್ಮಿದಳು, ಅಕ್ಕ ಕೆಮ್ಮಿದಳೆಂದರೆ ಮಾತು ಹೊರಟಿತೆಂದೇ ಲೆಕ್ಕ, ಡಾಕ್ಟ್ರೇ, ಇವಳ ಎರಡು ದಿನ ನಂಬಬೇಡಿ, ನಾನು ಬಸುರಿ ಇದ್ದಾಗ ಒಂದು ಗೌನಿಗೆ ಎರಡು ದಿನ ಅಂದಿದ್ಲು, ಮಗ ನಡೆಯೋಕೆ ಕಲ್ತ ಮೇಲೆ ಕೈಗೆ ಬಂತು, ಸುಮ್ನಿರೇ ಅಕ್ಕ, ಸುಮ್ನಿರ್ತೀನಿ, ನಿನ್ನ ಮಷೀನಿನ ಮೇಲೆ ತಿಂಗಳಿಂದ ಧೂಳು ಕೂತಿದೆ ಅಂತ ಒಂದು ಮಾತು ಹೇಳಿ ಸುಮ್ನಿರ್ತೀನಿ — ಡಾಕ್ಟರಮ್ಮ ನಕ್ಕೇಬಿಟ್ಟರು, ಬೇರೆ ಕಾಗದ ತೆಗೆದರು, ಹಾಗಾದ್ರೆ ಅಳತೆ ಇನ್ನೊಂದ್ಸಲ ತಗೊಳ್ಳೋಣ, ಅಳತೆ, ಹೊಟ್ಟೆ ಒಳಗೆಳೆದುಕೊಂಡು ನಿಂತ ಗಿರಾಕಿಗಳನ್ನು ತಾನೇ ಎಷ್ಟು ಸಲ ಗದರಿಲ್ಲ, ಉಸಿರು ಬಿಡಿ ಸ್ವಾಮಿ, ನಾಳೆ ಇದನ್ನ ತೊಡೋರು ನೀವೇ, ಅಂತ — ಉಸಿರು ಬಿಟ್ಟಳು, ಹದಿನಾಲ್ಕು ಅಂದಳು, ನಿದ್ದೆ, ಹದಿನಾಲ್ಕು, ಊಟ, ಹನ್ನೆರಡು, ಬದುಕೋದೇ ಬೇಡ ಅನ್ನಿಸಿದ್ದು, ಅಕ್ಕನ ಕೈ ಬಂದು ಅವಳ ಮೊಣಕೈ ಹಿಡಿಯಿತು, ಇಲ್ಲ, ಒಂದು ದಿನವೂ ಇಲ್ಲ, ಇದು ಅಂಗಡಿ ಮಾತಲ್ಲ ಡಾಕ್ಟ್ರೇ, ಸತ್ಯ — ಖಿನ್ನತೆ ಇದ್ದ ಹಾಗಿದೆ, ಥೈರಾಯ್ಡ್ ಏರುಪೇರಾದ್ರೂ ಹೀಗಾಗತ್ತೆ, ರಕ್ತ ಪರೀಕ್ಷೆ ಮಾಡಿ ನೋಡೋಣ, ಏನೇ ಇದ್ರೂ ವಾಸಿ ಮಾಡೋಣ, ಹಾಗಾದ್ರೆ ಇದು ಸೋಮಾರಿತನ ಅಲ್ವಾ ಡಾಕ್ಟ್ರೇ, ನೀವು ಸೋಮಾರಿ ಅಂತ ಯಾರು ಹೇಳಿದ್ದು, ಯಾರೂ ಇಲ್ಲ, ನಾನೇ — ಹಾಗಿದ್ರೆ ಅವರಿಗೆ ಹೇಳಿ, ಡಾಕ್ಟ್ರು ಒಪ್ಪಲಿಲ್ಲ ಅಂತ, ಅಕ್ಕ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು, ಇವಳಿಗೂ ಮೂಗಿನಿಂದ ಒಂದು ನಗೆ ತಪ್ಪಿಸಿಕೊಂಡಿತು, ಎಲ್ಲಿ ಅಡಗಿತ್ತೋ, ಹೊರಗೆ ರಕ್ತ ತೆಗೆಯುವ ಕೋಣೆಯ ಮುಂದಿನ ಬೆಂಚು, ಬಿಸಿಲು ಮಂಡಿಯವರೆಗೆ ಬಂದಿದೆ, ಹೇಳಿಬಿಟ್ಟೆನಲ್ಲ, ಹದಿನಾಲ್ಕು, ತಲೆ ಆನಿಸಿದ ಅಕ್ಕನ ಭುಜ ಎಷ್ಟು ಮೆತ್ತಗಾಗಿದೆ, ದಪ್ಪಗಾಗಿದ್ದಾಳೆ, ಹೇಳಿದರೆ ಕೊಂದೇಬಿಡುತ್ತಾಳೆ, ಒಳಗಿಂದ ನರ್ಸು ಕೂಗುತ್ತಿದ್ದಾಳೆ, ಯಾರಮ್ಮ ಮುಂದಿನವರು, ಶ್, ಅಂತಿದಾಳೆ ಅಕ್ಕ, ಇವಳು ಮಲಗಿದಾಳೆ, ಆಮೇಲೆ ಬರ್ತೀವಿ, ಯಾರು ಮಲಗಿದ್ದು, ಬಿಸಿಲು, ಮಂಡಿಯ ಮೇಲೆ ಬಿಸಿಲು —