ತೊಲೆಗೆ ಏರಿದ ಗೆರೆ

ದೀಪ ಎರಡಾಗಿ ಕಾಣುತ್ತದೆ, ಒಂದು ಇಲ್ಲಿ ಕೈಯಲ್ಲಿ, ಒಂದು ಹಲಗೆಯ ಮಿರುಗಿನೊಳಗೆ ಬಾವಿಯ ತಳದಲ್ಲಿದ್ದಂತೆ, ಅದರ ಪಕ್ಕ ಒಂದು ಗೆರೆ, ಎಳೆ ಕೂದಲಿನಂಥದು, ವೆಂಕಮ್ಮ ಸೆರಗಿನಿಂದ ಒರೆಸಿದಳು, ಪುಡಿಯಾಯಿತು, ಮಣ್ಣು — ಈ ಗೋಡೆಗೆ ಮಣ್ಣೆಲ್ಲಿಂದ ಬಂತು, ಮಣ್ಣು ಕಾಣಬಾರದೆಂದೇ ಅಲ್ಲವೇ ಗಂಡ ತಾಯಣ್ಣ ಎಂಬತ್ನಾಲ್ಕರ ಬೇಸಿಗೆಯಲ್ಲಿ ರಾಯಚೂರಿನಿಂದ ಮಾನ್ವಿಯವರೆಗೆ ಬಸ್ಸಿನ ನೆತ್ತಿಯ ಮೇಲೆ ಈ ಹಲಗೆಗಳನ್ನು ಹೇರಿಸಿಕೊಂಡು ತಂದದ್ದು, ಪ್ಲೈವುಡ್ ಅಮ್ಮಾ, ಪಾಲೀಶ್ ಕಾರ್ಖಾನಿಯೊಳಗ ಆಗಿ ಬರ್ತದ, ಮೊಳಿ ಹೊಡದ್ರ ಮುಗೀತು, ಸುಣ್ಣ ಬ್ಯಾಡ, ಸಾರಸೋದು ಬ್ಯಾಡ, ಕಾಲ್ ಚಾಚಿ ಕುಂದರ್ರಿ, ಎಂದಿದ್ದ ಅಂಗಡಿಯ ಸತ್ತಾರ್ ಸಾಬ್, ಆಗ ಆಕೆಗೂ ನಗು ಬಂದಿತ್ತು, ಸೆಗಣಿ ನೀರಿಗೆ ಒಡೆದ ಅಂಗೈಯನ್ನು ಆ ನುಣುಪಿನ ಮೇಲೆ ಆಡಿಸಿ ಆಡಿಸಿ ನೋಡಿದ್ದಳು. ಅತ್ತೆ ಭೀಮವ್ವ ಬದುಕಿರುವ ತನಕ ಉಗಾದಿಯ ಮುಂದೆ ಇದೇ ಗೋಡೆಯನ್ನು ಬುಡದಿಂದ ತೊಲೆಯ ತನಕ ಅಂಗೈಯಿಂದಲೇ ಸಾರಿಸಬೇಕಿತ್ತು, ಅರ್ಧ ಗೋಡೆಯೊಳಗೆ ಹುದುಗಿದ ಜಾಲಿ ಕಂಬವನ್ನೂ, ಒರ್ಲಿ, ಅದೇ ಗೆದ್ದಲು, ಏರಿದ ಮಣ್ಣಿನ ದಾರಿ ಬೆರಳಿಗೆ ಸಿಕ್ಕರೆ ಕೆರೆದು ಚಿಮಣಿ ಎಣ್ಣೆ ಸುರಿಯಬೇಕಿತ್ತು, ಕೈ ನೋಯ್ತಾವ ಅತ್ತಿ ಎಂದರೆ, ನೋಯ್ಲಿ ಬಿಡು, ಗೋಡಿಗೂ ವರ್ಷಕ್ಕೊಮ್ಮಿ ಮೈ ಮುಟ್ಟಿ ಕೇಳೋರು ಬೇಕಲ್ಲ ಬೇ — ಅತ್ತೆ ಹೋದ ಮೇಲೆ ಹಲಗೆ ಬಂದವು, ಉಗಾದಿ ಬಂತು ಹೋಯಿತು, ಮತ್ತೆ ಬಂತು ಹೋಯಿತು, ಗೋಡೆಯನ್ನು ಯಾರೂ ಮುಟ್ಟಲಿಲ್ಲ.

ಹೊರಗೆ ಅಂಗಳದಲ್ಲಿ ಗುಗ್ಗರಿಯ ಬಿಸಿ ವಾಸನೆ, ಹೆಂಗಸರ ನಗು, ಮಗಳು ಬಸ್ಸಮ್ಮನ ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ಇವತ್ತು, ಕೂಸು ಆಗಲೇ ತೊಟ್ಟಿಲಲ್ಲಿದೆ, ಮುಷ್ಟಿ ಬಿಗಿದು ನಿದ್ದೆ ಮಾಡುತ್ತಿದೆ, ತೊಟ್ಟಿಲಿನ ಹಗ್ಗ ತೊಲೆಯಲ್ಲಿದೆ, ತೊಲೆ ಜಾಲಿ ಕಂಬದ ಮೇಲಿದೆ, ಕಂಬ ಹಲಗೆಯ ಹಿಂದೆ. ಕಂಬಾನೂ ಮುಚ್ಚಲೇನ್ರಿ ಯಕ್ಕಾ ಎಂದು ಕೇಳಿದವನು ದೇವದುರ್ಗದ ಬಡಗಿ ಬೂದೆಪ್ಪ, ಬಾಯಲ್ಲಿ ಮೊಳೆ ಕಚ್ಚಿಕೊಂಡೇ ಕೇಳಿದ್ದ, ಮುಚ್ಚಪ್ಪಾ, ಮದುವಿ ಮನಿಯಾಗ ಮುದುಕ ಕೆಮ್ಮಿಕೋತ ಕುಂತಂಗ ಕಾಣ್ತದ ಅದು, ಎಂದವಳು ತಾನೇ, ಎಲ್ಲರೂ ನಕ್ಕರು, ಮುದುಕ ಒಳಗೇ ಉಳಿದ. ಹೋದ ಮಳೆಗಾಲದಿಂದ ಹಲಗೆಯ ಹಿಂದೆ ಆ ಸದ್ದು, ಒಣ ಹುಣಸೆ ಸಿಪ್ಪೆಯ ಮೇಲೆ ಯಾರೋ ಮೆಲ್ಲಗೆ ನಡೆದಂತೆ, ಗಂಡನಿಗೆ ಹೇಳಿದರೆ ಇಲಿ ಇರ್ತದ, ಮಲಕೋ, ಮೊನ್ನೆ ಮಳೆ ಬರುವ ಮೊದಲೇ ಅಂತ ಮಾಳಿಗೆಯ ಮೇಲೆ ಸೋರದಂತೆ ಸೌಳು ಮಣ್ಣು ಹಾಕಿಸಿದರು, ಬುಟ್ಟಿ ಬುಟ್ಟಿ, ಧಪ್ ಧಪ್ ಎಂದು ತುಳಿದರು, ಅಷ್ಟೂ ಭಾರ ಈಗ ಮೇಲಿದೆ, ಈರಣ್ಣ ದೇವರೇ, ಉರುಕುಂದಿ ತಂದೇ, ಏನು ಯೋಚನೆ ಇದು, ಶುಭದ ಹೊತ್ತಿನಲ್ಲಿ ಕೆಟ್ಟದ್ದು ನುಡಿಯಬಾರದು, ನೆನೆಯಲೂಬಾರದು — ಆದರೆ ಕೈ ಕೇಳಲಿಲ್ಲ, ದೀಪ ಎತ್ತಿತು, ಗೆರೆ ಹಲಗೆಯ ಸಂದಿನಿಂದ ಹೊರಟು ಮೇಲೆ ಮೇಲೆ ಏರಿ, ತೊಲೆಗೆ ಹತ್ತಿ, ತೊಟ್ಟಿಲಿನ ಹಗ್ಗದ ಗಂಟಿನ ತನಕ ಹೋಗಿತ್ತು. ಹೆಬ್ಬೆರಳಿನಿಂದ ಹಲಗೆ ಒತ್ತಿದಳು. ಹಪ್ಪಳ ಮುರಿದಷ್ಟೂ ಸದ್ದಾಗಲಿಲ್ಲ, ಬೆರಳು ಒಳಗೆ ಹೋಯಿತು, ಮಿರುಗು ಹಾಗೆಯೇ ಇದೆ, ಅದರ ಹಿಂದೆ ಹಲಗೆಯಿಲ್ಲ, ಬೆರಳು ಇನ್ನೂ ಹೋಯಿತು, ಕಂಬ ಸಿಗಬೇಕಾದಲ್ಲಿ ಕಂಬ ಇಲ್ಲ, ತಣ್ಣನೆಯ ಮಣ್ಣು, ಮಣ್ಣಿನೊಳಗೆ ಏನೋ ಹರಿದಾಡುತ್ತದೆ. ಕೂಸನ್ನು ಎತ್ತಿಕೊಂಡಳು. ಹಣೆಯ ಮೇಲೆ ಸಣ್ಣ ಪುಡಿ. ಯವ್ವಾ, ಯಾಕ ಎತ್ತಿದಿ, ಇನ್ನಾ ಹೆಸರು ಕರದಿಲ್ಲ, ಬಾಗಿಲಲ್ಲಿ ಬಸ್ಸಮ್ಮ, ಹೊರಗ ನಡಿ, ನಡಿಯಂತೀನಿ, ಕೂಸನ್ನು ಅವಳ ತೋಳಿಗೆ ಒತ್ತಿ ಹೊರಗೆ ದಬ್ಬಿದಳು, ಅಷ್ಟರಲ್ಲಿ ಹೆಂಗಸರ ಸೀರೆಗಳು, ಬಳೆಗಳು, ಎಲ್ಲರ ಮುಂದೆ ತಾಯಣ್ಣ, ಬರ್ರಿ, ಗೋಡಿ ನೋಡ್ರಿ, ಮಾನ್ವಿಯಾಗ ಯಾರ ಮನಿಯಾಗದ ಇಂಥದ್ದು, ಯಾರೂ ಒಳಗ ಬರಬ್ಯಾಡ್ರಿ ಎಂದಳೇ, ಬಾಯಿ ಬಿಟ್ಟಳೇ, ಆಯಿಗೆ ಖುಷಿ ಹೆಚ್ಚಾಗ್ಯಾದ ನೋಡ್ರೆವ್ವಾ ಎಂದು ಯಾರೋ ನಕ್ಕರು, ತಾಯಣ್ಣ ಆಕೆಯನ್ನು ಸರಿಸಿ ದಾಟಿದ, ಎಷ್ಟು ಗಟ್ಟಿ ಅದ ನೋಡ್ರಿ ಎಂದು ಬಡಿದು ತೋರಿಸಲು ಅಂಗೈ ಎತ್ತಿದ — ಎತ್ತಿದ ಅಂಗೈ, ಅದರ ಹಿಂದೆ ಮಿರುಗು, ಮಿರುಗಿನ ಮೇಲೆ ಗೆರೆ, ಎಳೆ ಕೂದಲಿನಂಥ ಗೆರೆ, ತೊಲೆಯ ತನಕ, ಆ ಗೆರೆ —